ಮೈನಸ್ ಐವತ್ತು ಕುರಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿಯಿತ್ತು. ಕರೆಂಟ್ ಹೋದರೆ ಯುಪಿಎಸ್‌ಗಿಂತ ಮೊದಲು ನಾನೇ ಕೂಗುತ್ತಿದ್ದೆ, ಅಷ್ಟು ಧೈರ್ಯವಂತ. ಪರಿಚಯದ ಪಶುವೈದ್ಯರೊಬ್ಬರಿಗೆ ಕುರಿ ಲಸಿಕೆ ಯಾರಿಗೆ ಎಷ್ಟು ಬೇಕೆಂದು ತಿಳಿಸುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಟೈಪ್ ಮಾಡಿದ ಅಕ್ಷರವನ್ನು ಸಂಖ್ಯೆಯಾಗಿಸಲು ಸುಲಭದ ಒಂದು ಆಜ್ಞೆ ಸಿಕ್ಕಿತ್ತು. ಲೆಕ್ಕವಿರಲಿ, ಅಪ್ಪಣೆಯಿರಲಿ, ಏನು ಬರೆದರೂ ಅದನ್ನು ಹಾಗೇ ನಡೆಸಿ ಉತ್ತರ ಕೊಡುತ್ತಿತ್ತು.

ಒಂದು ದಿನ ವೈದ್ಯರ ಜೊತೆ ಹಿರೇಹಡಗಲಿ ಕಡೆಯ ಹಿರಿಯ ಕುರಿಗಾರರೊಬ್ಬರು ಬಂದರು. ಮರುದಿನವೇ ಹಿಂಡು ದೂರದ ಮೇವಿಗೆ ಹೊರಡುವುದಿತ್ತು. ಅಷ್ಟರೊಳಗೆ ಲಸಿಕೆ ಆಗದಿದ್ದರೆ ದಾರಿಯಲ್ಲಿ ರೋಗ ಬಡಿಯುವ ಭಯ.

"ಎಷ್ಟು ಕುರಿ ಅದಾವ್ರಿ?" ಎಂದೆ.

"ಅದಾವಪ್ಪ, ಇನ್ನೂರು ಇನ್ನೂರೈವತ್ತು."

"ಸರಿಯಾಗಿ ಹೇಳ್ರಿ."

"ಎಣಿಸಿ ಹೇಳಬಾರ್ದು. ದೃಷ್ಟಿ ಆಗ್ತೈತಿ."

ಹೇಳಿದ ಹಾಗೆಯೇ 200-250 ಎಂದು ಒತ್ತಿದೆ. ಮುದ್ರಿತ ಹಾಳೆ ನೋಡಿ ವೈದ್ಯರು ಕನ್ನಡಕ ತೆಗೆದರು. "ಏನ್ರಿ ಇದು, ಮೈನಸ್ ಐವತ್ತು? ಇವ್ರೇ ನಮಗ ಐವತ್ತು ಕುರಿ ಕೊಡಬೇಕೇನು?"

"ಅಷ್ಟು ಬಾಯಿಬಿಟ್ಟಿದ್ದಕ್ಕ ಹಿಂಗಾತು. ಖರೇ ಹೇಳಿದ್ರ ಏನಾಗ್ತಿತ್ತೋ," ಎಂದರು ಹಿರಿಯರು.

ಅವರ 'ಸುಮಾರು' ಯಂತ್ರಕ್ಕೆ ಕಳೆಯುವ ಲೆಕ್ಕವಾಗಿತ್ತು. ಹಾಗಾದರೆ ಇದು ಇನ್ನೇನೇನು ನಂಬುತ್ತದೆ? ಇಬ್ಬರನ್ನೂ ಚಹಾಕ್ಕೆ ಕಳಿಸಿ, ಕುರಿಯ ಸಂಖ್ಯೆ ಕೇಳುವ ಜಾಗದಲ್ಲಿ ಬೇಡದ ಒಂದು ಫೈಲನ್ನು ಅಳಿಸುವ ಆಜ್ಞೆ ಬರೆದೆ. ಫೈಲು ಮಾಯ. ಯಾರಾದರೂ ಬಂದು ಕುರಿಯ ಲೆಕ್ಕದ ಬದಲು ಇಂಥದೇ ಆಜ್ಞೆ ಬರೆದು ಇಡೀ ಅಂಗಡಿಯನ್ನೇ ಅಳಿಸಬಹುದಿತ್ತು. ಅದುವರೆಗೆ ಕರೆಂಟಿಗಷ್ಟೇ ಹೆದರುತ್ತಿದ್ದ ನನಗೆ ಹೆದರಲು ಹೊಸದೊಂದು ಕಾರಣ ಸಿಕ್ಕಿತು.

ಕೂತು ಪ್ರೋಗ್ರಾಂ ತಿದ್ದಿದೆ. ಅದಕ್ಕೆ ಹೇಳಿಕೊಟ್ಟದ್ದು ಇಷ್ಟು: ಬಂದದ್ದನ್ನು ನಡೆಸಬೇಡ, ಬರೀ ಓದು. ಅಂಕಿ ಮಾತ್ರ ಇದ್ದರೆ ಸಂಖ್ಯೆ. ಎರಡು ಸಂಖ್ಯೆಗಳ ನಡುವೆ ಗೆರೆ ಇದ್ದರೆ ಅದು ಜೋಡಿ: ಕಡಿಮೆ ಎಂದರೆ ಇಷ್ಟು, ಹೆಚ್ಚೆಂದರೆ ಇಷ್ಟು. ಬೇರೆ ಏನಿದ್ದರೂ ಮುಟ್ಟದೆ ಮತ್ತೆ ಕೇಳು. ಲಸಿಕೆಗೆ ಹೆಚ್ಚಿನದನ್ನೇ ಹಿಡಿ. ಈ ಸಲ ಹಾಳೆಯಲ್ಲಿ ಇನ್ನೂರೈವತ್ತು ಬಂತು.

ಮರುದಿನ ಬೆಳಿಗ್ಗೆ ಸಮಾಧಾನವಾಗದೆ ನಾನೂ ಹಟ್ಟಿಗೆ ಹೋದೆ. ಎಲ್ಲ ಕುರಿಗೂ ಸೂಜಿ ಬಿತ್ತು, ಲಸಿಕೆ ಒಂದಿಷ್ಟು ಮಿಕ್ಕಿತು. ಎಷ್ಟು ಉಳಿಯಿತೆಂದು ವೈದ್ಯರು ನೋಡಹೊರಟಾಗ ಹಿರಿಯರು ಪೆಟ್ಟಿಗೆಯ ಮೇಲೆ ಕಂಬಳಿ ಎಳೆದರು.

"ಅದನ್ನೂ ಎಣಿಸಬ್ಯಾಡ್ರಿ," ಎಂದು ನನ್ನ ಕಡೆ ನೋಡಿದರು. "ಕಳೆಯೋ ಲೆಕ್ಕ ಇವ್ರ ಮಿಷನ್ನಿಗೆ ಭಾಳ ಚಲೋ ಬರ್ತೈತಿ."