ಬಾರ್ಬ್ರೊ ಕಟ್ಟಿದ ದಿಬ್ಬಣದ ರಾಗ

ನಮ್ಮ ವಾಲ್ಡ್ರೆಸ್ ಕಣಿವೆಯ ಗಂಡಸರ ತಲೆಯಲ್ಲಿ ಒಂದು ಲೆಕ್ಕವಿತ್ತು. ಹೊಸ ರಾಗವನ್ನು ನೀರಿನ ಭೂತ ಕಟ್ಟಿರಬಹುದು, ಗುಡ್ಡದೊಳಗಿನ ಕಾಣದ ಜನ ಕಟ್ಟಿರಬಹುದು. ಹೆಂಗಸು ಮಾತ್ರ ಕಟ್ಟಿರಲಾರಳು. ಇಂಥ ಬುದ್ಧಿವಂತರ ನಡುವೆ ಬಾರ್ಬ್ರೊ ಹುಟ್ಟಿದಳು. ಅದೂ ಸಾಲದೆಂದು ರಾಗ ಕಟ್ಟುವವಳಾಗಿಯೇ ಹುಟ್ಟಿದಳು.

ಅವಳ ವಾದ್ಯ ಲಾಂಗೆಲೈಕ್, ಮೇಜಿನ ಮೇಲೆ ಮಲಗಿಸಿ ಮೀಟುವ ಉದ್ದನೆಯ ತಂತಿಪೆಟ್ಟಿಗೆ. ಹೆಂಗಸರು ಮನೆಯೊಳಗೆ ನುಡಿಸುವಂಥದ್ದೆಂದು ಪಿಟೀಲಿನವರು ಅದನ್ನು ವಾದ್ಯವೆಂದೇ ಎಣಿಸುತ್ತಿರಲಿಲ್ಲ. ಬೇಸಗೆಯಲ್ಲಿ ದನಗಳ ಜೊತೆ ಮೇಲಿನ ಹುಲ್ಲುಗಾವಲಿನ ಗುಡಿಸಲಿಗೆ ಹೋದರೆ ಬಾರ್ಬ್ರೊ ಬೆಣ್ಣೆ ಕಡೆಯುತ್ತಲೇ ಬಾಯಲ್ಲಿ ರಾಗ ಹಿಡಿಯುವಳು, ಕೈ ಬಿಡುವಾದೊಡನೆ ತಂತಿಗೆ ಇಳಿಸುವಳು. ಬಲು ಬಿಗುಮಾನ. ನಡುವೆ ಯಾರಾದರೂ ಕೆಮ್ಮಿದರೆ ಕೈ ತಡೆದು, "ನಿಂದು ಮುಗೀಲಿ, ಆಮೇಲೆ ನಂದು" ಎನ್ನುವಳು. ಬೂಟು ಹೊಲಿಯುವ ಕಿವುಡನೊಬ್ಬನನ್ನು ಮದುವೆಯಾದಳು. "ನನ್ನ ರಾಗದ ಬಗ್ಗೆ ಬುದ್ಧಿ ಹೇಳದ ಗಂಡಸು ಇವನೊಬ್ಬನೇ" ಎಂದು ಅವನನ್ನು ಚೆನ್ನಾಗಿಯೇ ನೋಡಿಕೊಂಡಳು.

ಅಣ್ಣನ ಮಗಳು ಏಲಿಗೆ ಮದುವೆ ಗೊತ್ತಾದ ಬೇಸಗೆಯಲ್ಲಿ ಬಾರ್ಬ್ರೊ ಅವಳಿಗಾಗಿ ದಿಬ್ಬಣದ ರಾಗವೊಂದನ್ನು ಕಟ್ಟತೊಡಗಿದಳು. ಮೂರು ವರಸೆಯಲ್ಲಿ ಎರಡು ಮುಗಿದಿತ್ತು. ಆಗ ಪಿಟೀಲಿನ ತೋಸ್ತೆನ್ ಗುಡ್ಡ ಹತ್ತಿ ಬಂದ. ಹುಳಿಕೆನೆಯ ಗಂಜಿ ಎರಡು ಬಟ್ಟಲು ಹೊಡೆದ, ಬಾಗಿಲ ಬಳಿ ಕೂತು ರಾಗ ಕೇಳಿದ, ಬಾಯಿ ಒರೆಸಿಕೊಂಡು ಇಳಿದುಹೋದ. ಚಳಿ ಬೀಳುವ ಹೊತ್ತಿಗೆ ಆ ರಾಗ ಅವನದಾಗಿತ್ತು.

ನಮ್ಮಲ್ಲಿ ಪಿಟೀಲು ಎತ್ತುವ ಮೊದಲು ರಾಗ ಯಾರಿಂದ ಬಂತೆಂದು ಹೆಸರು ಹೇಳಬೇಕು. ತೋಸ್ತೆನ್ ಹೇಳಿದ್ದು ಹೀಗೆ: "ಅಬ್ಬಿಯ ನೀರಿನ ಭೂತದಿಂದ ಬಂತು. ಅದರ ದಕ್ಷಿಣೆ ಅಂತ ಕುರಿಯ ಒಣತೊಡೆ ನೀರಿಗೆಸೆದೆ. ಭೂತ ನನ್ನ ಬೆರಳು ಹಿಡಿದು ರಕ್ತ ಬರೋ ತನಕ ತಂತಿ ಮೇಲೆ ಎಳೀತು ಕಣ್ರಯ್ಯಾ." ಬೆರಳಿನ ಗಾಯವನ್ನೂ ತೋರಿಸುವನು. ಹುಲ್ಲು ಕೊಯ್ಯುವಾಗ ಆದ ಗಾಯ. ಅವನ ಕೈಗೆ ಬಟ್ಟೆ ಕಟ್ಟಿದ್ದವನೇ ಎದುರು ಕೂತು ಹೌದುಹೌದೆಂದು ತಲೆಯಾಡಿಸುವನು!

ಸುದ್ದಿ ಕೇಳಿದ ಬಾರ್ಬ್ರೊ ಕೂಗಾಡಲಿಲ್ಲ. ಮೂರನೆಯ ವರಸೆ ಮುಗಿಸಿದಳು. ಆ ರಾಗದ ಮುಂದೆ ತನ್ನ ಹೆಸರು ಹೇಳಿಸದೆ ಬಿಡುವುದಿಲ್ಲವೆಂದು ಗಂಡನ ಕಿವಿಯಲ್ಲಿ ಅರಚಿ ಹೇಳಿದಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ನೆಂಟರೆಲ್ಲ ಸೇರಿ ಬಿಯರು ಸುತ್ತು ಬರುತ್ತಿದ್ದಾಗ ಬಾರ್ಬ್ರೊ ಲಾಂಗೆಲೈಕನ್ನು ಮೇಜಿನ ಮೇಲಿಟ್ಟಳು.

"ಏನೋ ತೋಸ್ತೆನ್, ಭೂತ ಎಷ್ಟು ವರಸೆ ಕಲಿಸ್ತಪ್ಪ?"

"ಎರಡು. ಇರೋದೇ ಅಷ್ಟು."

"ನನ್ನ ಹತ್ರ ಮೂರಿದೆ."

ಮದುವೆಯ ಮೇಲುಸ್ತುವಾರಿಯ ಯಜಮಾನ ಮೀಸೆಯಲ್ಲೇ ನಕ್ಕ. "ನಿಂಗೆಲ್ಲಿಂದ ಬಂತು ಬಾರ್ಬ್ರೊಕ್ಕ?"

"ನನ್ನ ತಲೆಯಿಂದ."

"ತಲೆವಸ್ತ್ರದೊಳಗೆ ತಲೇನೂ ಇಟ್ಕೊಂಡಿದೀಯಾ?"

ಮನೆ ಹಾರಿಹೋಗುವಷ್ಟು ನಗು. ಅದು ಅಡಗುವ ತನಕ ಕಾದು ಬಾರ್ಬ್ರೊ ಮೂರೂ ವರಸೆ ನುಡಿಸಿದಳು. ಮೂರನೆಯದು ಬಂದಾಗ ಬಿಯರಿನ ಬಟ್ಟಲು ಹಿಡಿದವರು ಕುಡಿಯುವುದನ್ನೇ ಮರೆತರು. ಕೊನೆಗೆ ಯಜಮಾನ ತೊಡೆ ತಟ್ಟಿದ. "ಹಾಗಾದ್ರೆ ಭೂತ ಇವಳಿಗೂ ಕಲಿಸಿದೆ ಕಣ್ರೋ!"

ಅಂಥ ಕಿವಿಗಳು ಕತ್ತೆಗಿದ್ದಿದ್ದರೆ ನೊಣ ಓಡಿಸಲಿಕ್ಕಾದರೂ ಬರುತ್ತಿದ್ದವು.

"ಸರಿ, ಆ ಭೂತ ನಾನೇ, ಒಪ್ಕೊಂಡೆ" ಎಂದಳು ಬಾರ್ಬ್ರೊ. "ಆದ್ರೆ ತೋಸ್ತೆನ್, ನೀನು ಎಸೆದ ತೊಡೆ ನಂಗೆ ತಲುಪಿಲ್ಲ ಕಣೋ. ಹೋಗಿ ತಗೊಂಬಾ. ಮೂರನೇ ವರಸೆ ಆಮೇಲೆ."

"ಎಸೆದಾಯ್ತಲ್ಲ..."

"ಎಸೆದಿದ್ರೆ ಪೂರ್ತಿ ಕಲಿಸ್ತಿತ್ತಲ್ಲೋ ಭೂತ!" ಎಂದು ಒಲೆಯ ಬಳಿಯ ಹೆಂಗಸರು ಕಿರುಚಿದರು.

ಮದುಮಗಳು ಏಲಿ ಎದ್ದು ನಿಂತಳು. "ಅತ್ತೆ, ನಂಗೆ ಮೂರೂ ಬೇಕು. ಅರ್ಧ ರಾಗಕ್ಕೆ ನಾಳೆ ನಾನು ಕುದುರೆ ಹತ್ತಲ್ಲ."

ತೋಸ್ತೆನ್ ಮನೆಗೆ ಹೋದ. ಕೋಟಿನೊಳಗೆ ತೊಡೆ ಬಚ್ಚಿಟ್ಟುಕೊಂಡು ಬಂದ; ಕಣಿವೆಯ ನಾಯಿಗಳೆಲ್ಲ ಹಿಂದೆ. ಬಾರ್ಬ್ರೊ ಒಂದು ಚೂರು ಕೊಯ್ದು ಬಾಯಿಗಿಟ್ಟಳು. "ಉಪ್ಪು ಜಾಸ್ತಿ. ಇರಲಿ. ನಾಳೆ ನುಡಿಸೋ ಮೊದಲು ಯಾರಿಂದ ಬಂತು ಅಂತ ಹೇಳ್ಬೇಕು. ನಿನ್ನ ಗಡ್ಡಕ್ಕಲ್ಲ, ಊರಿಗೆ." ಆಮೇಲೆ ಕಲಿಸಿದಳು. ಬೇಗ ಕಲಿತ. ಕದಿಯುವವರಿಗೆ ಕಿವಿ ಚೆನ್ನಾಗಿರುತ್ತದೆ.

ಬೆಳಿಗ್ಗೆ ದಿಬ್ಬಣ ಚರ್ಚಿಗೆ ಹೊರಟಿತು. ಎಲ್ಲರ ಮುಂದೆ ಕುದುರೆಯ ಮೇಲೆ ತೋಸ್ತೆನ್. ಪಿಟೀಲು ಎತ್ತಿ ಏನೋ ಗೊಣಗಿದ. ಬಾರ್ಬ್ರೊ ಹೋಗಿ ಕುದುರೆಯ ಲಗಾಮು ಹಿಡಿದುಕೊಂಡಳು.

"ಏನಂದೆ? ನಿನ್ನ ಕುದುರೆಗೂ ಕೇಳಿಸ್ಲಿಲ್ಲ."

ಹಿಂದೆ ಇಡೀ ದಿಬ್ಬಣ ನಿಂತಿತ್ತು. ಪಾದ್ರಿ ಕಾಯುತ್ತಿದ್ದ. ಯಜಮಾನ, "ಹೇಳ್ಬಿಡೋ ಮಾರಾಯ, ಸಾರು ಆರಿಹೋಗತ್ತೆ" ಎಂದ. ತೋಸ್ತೆನ್ ಬೀಟ್‌ರೂಟಿನಂತೆ ಕೆಂಪಾದ.

"ಬಾರ್ಬ್ರೊ ಕಟ್ಟಿದ ದಿಬ್ಬಣದ ರಾಗ!" ಎಂದು ಕೂಗಿದ.

ಅವಳು ಲಗಾಮು ಬಿಟ್ಟಳು. ಮೂರೂ ವರಸೆ ಇಳಿಜಾರಿನುದ್ದಕ್ಕೂ ಕೇಳಿಸಿತು. ಪಕ್ಕದ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಬಾರ್ಬ್ರೊ ಮಾತ್ರ ಕೊನೆಯ ತನಕ ಹುಬ್ಬು ಗಂಟಿಕ್ಕಿ ಕೇಳಿ, "ಎರಡನೇ ವರಸೇನ ಓಡಿಸಿಬಿಟ್ಟ, ಮುಠ್ಠಾಳ" ಎಂದಳು.