ಸಿಂಕ್ ಕೆಳಗಿನ ಬ್ರಾಂದಿ

ನಮ್ಮ ಮೈಲಾಪೂರ್ ಫ್ಲ್ಯಾಟ್ಸ್‌ನಲ್ಲಿ ಈಗ ಅಧಿಕೃತ ಕುಡುಕಿ ನಾನೇ.

ಹೋದ ತಿಂಗಳು ನಮ್ಮ ಮನೆಯ ನಲ್ಲಿ ಸೋರುತ್ತದೆಂದು ಅಸೋಸಿಯೇಷನ್ ಸೆಕ್ರೆಟರಿ ತಾವೇ ನೋಡಲು ಬಂದರು. ಸಿಂಕ್ ಕೆಳಗಿನ ಬಾಗಿಲು ತೆಗೆದರು. ಫಿನಾಯಿಲ್, ಸೋಪಿನ ಪುಡಿ, ನಡುವೆ ಅರ್ಧ ಬಾಟ್ಲಿ ಬ್ರಾಂದಿ. ಅವರು ನನ್ನನ್ನು ನೋಡಿದರು. ನಾನು ಬಾಟ್ಲಿಯನ್ನು ನೋಡಿದೆ. ಮಂಡಿನೋವಿಗೆ ಅಂದೆ. (ಕಾನ್ವೆಂಟಿನ ಸಿಸ್ಟರ್‌ಗಳು ಗ್ರಾಮರ್ ಕಲಿಸಿದರು, ಎಂಬ್ರಾಯ್ಡರಿ ಕಲಿಸಿದರು, ಸುಳ್ಳು ಹೇಳೋದು ಮಾತ್ರ ಸಿಲಬಸ್‌ನಲ್ಲಿರಲಿಲ್ಲ.) ಅಂದಿನಿಂದ ಅವರ ಹೆಂಡತಿ ನನ್ನನ್ನು ಲಿಫ್ಟಿನಿಂದ ಕೈ ಹಿಡಿದು ಇಳಿಸುತ್ತಾರೆ. ಎಪ್ಪತ್ತು ದಾಟಿದ ಮೇಲೆ ಕೊನೆಗೂ ನನಗೊಂದು ರೆಪ್ಯುಟೇಷನ್ ಬಂತು.

ಬಾಟ್ಲಿ ನನ್ನದಲ್ಲ. ಮೇಲಿನ ಮನೆಯ ವಿನೋದಾಳದು. (ಹೆಸರು ಬದಲಾಯಿಸಿದ್ದೇನೆ.) ಕುಂದಾಪುರದ ಕಡೆಯವಳು. ಗಂಡ ಇಲ್ಲೇ ಒಂದು ವೆಜಿಟೇರಿಯನ್ ಹೋಟೆಲಿನಲ್ಲಿ ಮ್ಯಾನೇಜರ್. ಸುಧಾಕರ ಅನ್ನೋಣ. ಹೋಟೆಲಿನ ಶಟರ್ ಎಳೆದ ಮೇಲೆ ಕುಡಿಯುವವನು. ಒಂದು ದಿನ ಕುಡಿದು ಕಾರು ಓಡಿಸಿ, ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬನ ಪ್ರಾಣ ತೆಗೆದ. ಎರಡು ವರ್ಷ ಜೈಲಾಯಿತು.

ಕುಡಿದವನು ಅವನು, ಸರಿ. ಇವಳೇಕೆ ಶುರು ಮಾಡಿದಳು?

ನಾನೂ ಹಾಗೇ ಕೇಳಿದೆ, ಹೆಡ್‌ಮಿಸ್ಟ್ರೆಸ್ ಥರ ಹುಬ್ಬೇರಿಸಿ. ಅಲಮಾರಿಯಲ್ಲಿ ಅವನು ಬಿಟ್ಟುಹೋದ ಬಾಟ್ಲಿಯನ್ನು ಸಿಂಕಿಗೆ ಸುರಿಯಲು ಹೋಗಿದ್ದಳಂತೆ.

"ಮುಚ್ಚಳ ತೆಗೆದದ್ದೇ ವಾಸನೆ ಬಂತು ಆಂಟಿ. ಇವ್ರೇ ಬಾಗಿಲು ತೆಗೆದು ಒಳಗೆ ಬಂದ ಹಾಗಾಯ್ತು, ಮಾರಾಯ್ರೆ. ಸುರಿಲಿಕ್ಕೆ ಮನಸ್ಸಾಗ್ಲಿಲ್ಲ."

ಮದುವೆಯಾದಾಗಿನಿಂದ ಯಾವ ವಾಸನೆಗೆ ಮುಖ ತಿರುಗಿಸಿ ಮಲಗಿದ್ದಳೋ, ಅದೇ ವಾಸನೆ. (ನಮ್ಮವರು ಹೋದ ಮೇಲೆ ಅವರ ನಶ್ಯದ ಡಬ್ಬಿಯನ್ನು ನಾನು... ಇರಲಿ ಬಿಡಿ.)

ಆ ಬಾಟ್ಲಿ ಮುಗಿಯಿತು. ಮುಂದಿನವನ್ನು ಅವಳೇ ಆಟೋ ಹಿಡಿದು, ಗುರುತಿನವರಿಲ್ಲದ ರಾಯಪುರಂವರೆಗೆ ಹೋಗಿ ತಂದಳು. ನಮ್ಮ ರಸ್ತೆ ತಿರುವಿನಲ್ಲೇ ಅಂಗಡಿ ಇದೆ. ಆದರೆ ಹೋಟೆಲ್ ಮ್ಯಾನೇಜರ್ ಹೆಂಡತಿ ಅಲ್ಲಿ ಗಂಡಸರ ಕ್ಯೂನಲ್ಲಿ ನಿಲ್ಲುವುದುಂಟೇ? ಜೈಲಿಗೆ ಅವನನ್ನು ನೋಡಲು ಹೋಗುವ ದಿನ ಮಾತ್ರ ಮುಟ್ಟುತ್ತಿರಲಿಲ್ಲ. ಸಾಲದೆಂದು ಏಲಕ್ಕಿ ಜಗಿದುಕೊಂಡು ಹೋಗುತ್ತಿದ್ದಳು. ನಡುವೆ ಗಾಜು, ಮಾತೆಲ್ಲ ಫೋನಿನಲ್ಲಿ. ಅವನಿಗೆ ವಾಸನೆ ಎಲ್ಲಿಂದ ಬರಬೇಕು ಹೇಳಿ!

ಆ ಫೋನಿನಲ್ಲಿ ಅವನು ಕೇಳುತ್ತಿದ್ದದ್ದು ವಕೀಲರು ಏನಂದರು, ಹೋಟೆಲಿನವರು ಮತ್ತೆ ಕೆಲಸ ಕೊಡುತ್ತಾರಾ ಅಂತ. ನಾವೆಲ್ಲ ಲಿಫ್ಟಿನಲ್ಲಿ ಕೇಳುತ್ತಿದ್ದದ್ದೂ ಅವನ ಬಗ್ಗೆಯೇ. ಪಾಪ, ಒಳಗೆ ಊಟ ಹೇಗೋ, ಸೊಳ್ಳೆ ಜಾಸ್ತಿಯಿರಬೇಕು. ಇವಳು ಹೇಗಿದ್ದಾಳೆ? ಹೊರಗಿದ್ದಾಳಲ್ಲ, ಚೆನ್ನಾಗೇ ಇರಬೇಕು!

ಒಂದು ಸಂಜೆ ಬಾಟ್ಲಿಯನ್ನು ಟರ್ಕಿ ಟವೆಲಿನಲ್ಲಿ ಮಗುವಿನ ಹಾಗೆ ಸುತ್ತಿಕೊಂಡು ನನ್ನ ಮನೆಗೆ ಬಂದಳು. ತಾನಾಗಿಯೇ ಡಾಕ್ಟರ ಹತ್ತಿರ ಹೋಗಿದ್ದಳಂತೆ. ಒಮ್ಮೆಲೇ ನಿಲ್ಲಿಸಬೇಡಿ, ಇಳಿಸುತ್ತಾ ಬನ್ನಿ ಅಂದರಂತೆ.

"ನೀವೇ ಇಟ್ಕೊಳ್ಳಿ. ನಾನು ಅತ್ರೂ ಹೆಚ್ಚು ಕೊಡ್ಬೇಡಿ."

ಹೀಗೆ ನಾನು ಬಾರ್‌ಮೇಡ್ ಆದೆ. ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳವೇ ನನ್ನ ಪೆಗ್. ಸಂಜೆ ಬೆಲ್ ಆದರೆ ಅಳೆದು ಕೊಡುತ್ತಿದ್ದೆ, ಮೇಲೆ ಒಂದು ಲೋಟ ಫಿಲ್ಟರ್ ಕಾಫಿ. ನನ್ನದು ಕಂಜೂಸ್ ಕೈ ಅಂತ ಬೈದಳು. ಅತ್ತಳು. ಒಂದು ದಿನ ಮುನಿಸಿಕೊಂಡು ಬರಲೇ ಇಲ್ಲ; ಮರುದಿನ ಚಕ್ಕುಲಿ ಹಿಡಿದು ಬಂದಳು. ಡಾಕ್ಟರು ಹೇಳಿದಂತೆ ಇಳಿಸುತ್ತಾ ಬಂದೆವು. ಕೊನೆಗೆ ಕಾಫಿ ಮಾತ್ರ ಉಳಿಯಿತು. ಅರ್ಧ ಬಾಟ್ಲಿ ಹಾಗೇ ನಿಂತಿತು. ಸೆಕ್ರೆಟರಿ ಕಂಡದ್ದು ಅದನ್ನೇ.

ಹೋದ ವಾರ ಸುಧಾಕರ ಬಿಡುಗಡೆಯಾಗಿ ಬಂದ. ಎರಡು ವರ್ಷ ಒಂದು ಹನಿ ಮುಟ್ಟಿಲ್ಲ ಅಂದ. ಎಂಥಾ ವಿಲ್‌ಪವರ್ ಅಂತ ಸೆಕ್ರೆಟರಿ ಎಲ್ಲರನ್ನೂ ಸೇರಿಸಿ ಅವನಿಗೆ ಜರಿ ಶಾಲು ಹೊದಿಸಿದರು. (ಆ ಸೈಕಲ್ಲಿನವನ ಮನೆಯಲ್ಲಿ ಹಾರ ಬಿದ್ದ ಫೋಟೋ ಇದ್ದೀತು. ಅಂದು ಯಾರಿಗೂ ಅದು ನೆನಪಾಗಲಿಲ್ಲ.) ನಾವೆಲ್ಲ ಚಪ್ಪಾಳೆ ತಟ್ಟಿದೆವು. ವಿನೋದಾ ಎಲ್ಲರಿಗೂ ಕೇಸರಿಬಾತ್ ಹಂಚಿದಳು.

ಶಾಲು ಹೊದ್ದುಕೊಂಡೇ ನನ್ನ ಹತ್ತಿರ ಬಂದ. ಸೆಕ್ರೆಟರಿ ನನ್ನ ಮಂಡಿನೋವಿನ ವಿಷಯ ಅವನ ಕಿವಿಗೆ ಹಾಕಿದ್ದರು.

"ನೀವೂ ಬಿಟ್ಟುಬಿಡಿ ಅಮ್ಮ. ಮನಸ್ಸು ಮಾಡಿದ್ರೆ ಆಗ್ತದೆ."

ಅವನ ಹಿಂದೆ ವಿನೋದಾ, ತಟ್ಟೆ ಹಿಡಿದು, ನೆಲ ನೋಡುತ್ತಾ. ಟ್ರೈ ಮಾಡ್ತೀನಪ್ಪಾ ಅಂದೆ.

ಮರುದಿನ ಕಾಫಿಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಗಂಡನಿಗೆ ಹೇಳಬೇಕೆಂದು ಹೋದಳಂತೆ, ಆಗಲಿಲ್ಲವಂತೆ. ಮುಚ್ಚಿಟ್ಟುಕೊಂಡಿದ್ದರೆ ಮತ್ತೆ ಆ ಬಾಟ್ಲಿಯೇ ನೆನಪಾಗುತ್ತದಂತೆ.

"ನಂಗೆ ಬಾಯಿ ಬರುದಿಲ್ಲ ಆಂಟಿ. ನೀವು ಬರೀರಿ. ಪೇಪರಿನಲ್ಲಿ ನಿಮ್ಮ ಅಂಕಣ ಇವ್ರು ಬಿಡದೆ ಓದ್ತಾರೆ."

(ಸೆಕ್ರೆಟರಿಗೆ ಕನ್ನಡ ಓದಲು ಬರುವುದಿಲ್ಲ. ನಮ್ಮಿಬ್ಬರ ಧೈರ್ಯವೆಲ್ಲ ಅದೇ.)

ಸುಧಾಕರ, ಇಲ್ಲಿವರೆಗೆ ಓದಿದೆಯಲ್ಲಪ್ಪಾ. ನಿನ್ನ ಸುತ್ತ ಎತ್ತರದ ಗೋಡೆಯಿತ್ತು, ಬೀಗವಿತ್ತು, ಕಾಯಲು ಪೊಲೀಸರಿದ್ದರು. ಅವಳಿಗೆ ರಸ್ತೆ ತಿರುವಿನಲ್ಲೇ ಅಂಗಡಿಯಿತ್ತು.

ಈಗ ಹೇಳು, ಆ ಶಾಲು ಯಾರದು?