ಮೆತ್ತನೆಯ ಸೀಟು, ಎರಡು ಮೋಟಾರು

ನಮ್ಮ ಯಜಮಾನರಿಗೆ ಲಕ್ವಾ ಹೊಡೆದದ್ದು ದಾಂಡೇಲಿಯ ಕಾಗದ ಕಾರ್ಖಾನೆಯಿಂದ ಅವರು ನಿವೃತ್ತರಾದ ಮರುವರ್ಷ. ಬಲಗೈ, ಬಲಗಾಲು ಎರಡೂ ಸೋತವು. ಮಾತು ಮರಳಿ ಬಂತು, ಆದರೆ ತಡವರಿಸುತ್ತ ಬಂತು. ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗಿ ಒದ್ದಾಡುತ್ತಿದ್ದರು. ಧಾರವಾಡದ ಡಾಕ್ಟರು ನೋಡಿ, ಬೆನ್ನು ಹಿಂದಕ್ಕೆ ವಾಲುವ, ಕಾಲಿಗೂ ಆಸರೆ ಏಳುವ ಕುರ್ಚಿ ಸಿಗುತ್ತದೆ, ರಿಕ್ಲೈನರ್ ಅನ್ನುತ್ತಾರೆ, ಅಂಥದೊಂದು ತಂದುಕೊಡಿ ಎಂದರು.

ಕಾಯಿಲೆ ಬಿದ್ದ ಮೇಲೆ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮುಂಡಗೋಡಿನಲ್ಲಿರುವ ಮಗಳು ಧೋತರ ಬಿಡಿಸಿ ಇಲಾಸ್ಟಿಕ್ಕಿನ ಪ್ಯಾಂಟು ತಂದು ಹಾಕಿದಳು. ಊಟಕ್ಕೆ ಉಪ್ಪು ಕಡಿಮೆಯಾಯಿತು, ಎಲೆ ಅಡಿಕೆ ನಿಂತಿತು. ಮಾತಾಡಿಸಲು ಬಂದವರು ಅವರ ಎದುರಿಗೇ ಕುಳಿತು ನನ್ನತ್ತ ತಿರುಗಿ, "ಊಟ ಮಾಡ್ತಾರೇನ್ರಿ? ನಿದ್ದಿ ಬರ್ತೈತೇನ್ರಿ ಅವರಿಗೆ?" ಎಂದು ಕೇಳುತ್ತಿದ್ದರು. ಅವರು ಗೋಡೆ ನೋಡುತ್ತ ಕೂಡುತ್ತಿದ್ದರು. ಕಾರ್ಖಾನೆಯಲ್ಲಿ ದೊಡ್ಡ ಮಷೀನಿನ ಮುಂದೆ ನಿಂತು ಶಿಫ್ಟು ನಡೆಸಿದ ಮನುಷ್ಯ. ಅಲ್ಲಿ ಅವರು ಹೂಂ ಅನ್ನದೆ ಯಾರೂ ಒಂದು ಗುಂಡಿಯನ್ನೂ ಒತ್ತುತ್ತಿರಲಿಲ್ಲವಂತೆ.

ಕುರ್ಚಿ ನೋಡಲು ಹುಬ್ಬಳ್ಳಿಗೆ ಹೊರಟೆವು. ಪಕ್ಕದ ಮನೆಯವನು ಜೋಯಿಡಾ ಕಡೆಗೆ ಜೀಪು ಓಡಿಸುತ್ತಿದ್ದ. ಅವನೇ ನಮ್ಮನ್ನು ಕರೆದುಕೊಂಡು ಹೋದ. ಹಳಿಯಾಳ ದಾಟುವವರೆಗೂ ಯಜಮಾನರು ಮಾತಾಡಲಿಲ್ಲ. ಧಾರವಾಡ ಹತ್ತಿರವಾದಾಗ ಮಾತ್ರ, "ಅಂಗಡಿಯೊಳಗ ನೀ ಭಾಳ ಮಾತಾಡಬ್ಯಾಡ" ಎಂದರು. ನನಗೆ ನಗು ಬಂತು. ಆ ಗತ್ತು ಕೇಳಿ ಎಷ್ಟೋ ತಿಂಗಳಾಗಿತ್ತು.

ಅಂಗಡಿಯ ಹುಡುಗಿ ಚಲೋ ಮಾತುಗಾತಿ. ಆದರೆ ಅವಳೂ ನನ್ನನ್ನೇ ಕೇಳತೊಡಗಿದಳು. ನಾನು, "ಕೂಡೋರು ಅವರದಾರ ನೋಡವಾ, ಅವರನ್ನ ಕೇಳು" ಎಂದೆ. ಅವಳು ನಾಚಿಕೊಂಡು ಅವರ ಮುಂದೆ ಬಗ್ಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೈಯಿಂದ ಎಳೆಯುವ ಹಿಡಿಕೆಯದು ಒಂದು ಬಗೆ. ಹಿಡಿಕೆ ಬಲಗಡೆಗೇ ಇತ್ತು, ಅದು ನಮಗೆ ಆಗುವಂತಿರಲಿಲ್ಲ. ಕರೆಂಟಿನದರಲ್ಲಿ ಒಂದೇ ಮೋಟಾರಿನದಾದರೆ ಬೆನ್ನೂ ಕಾಲೂ ಒಟ್ಟಿಗೇ ಏಳುತ್ತವೆ. ಎರಡು ಮೋಟಾರಿನದಾದರೆ ಬೇರೆ ಬೇರೆ. ಗುಂಡಿಗಳನ್ನು ಎಡಗಡೆಗೆ ಹಾಕಿಸಬಹುದು. ಕರೆಂಟು ಹೋದಾಗ ಕುರ್ಚಿಯನ್ನು ನೆಟ್ಟಗೆ ಮಾಡಲು ಬ್ಯಾಟರಿಯನ್ನೂ ಕೂಡಿಸಿಕೊಡುತ್ತಾರೆ.

ಅವರು ಎಡಗೈಯಿಂದ ಗುಂಡಿ ಒತ್ತಿದರು. ಕುರ್ಚಿ ಸಣ್ಣಗೆ ಗುಂಯ್ ಅನ್ನುತ್ತ ಹಿಂದಕ್ಕೆ ವಾಲಿತು. ಇನ್ನೊಂದು ಒತ್ತಿದರು, ಕಾಲು ಮೇಲೆದ್ದವು. ಬಿಟ್ಟರು, ನಿಂತಿತು. ಮತ್ತೆ ಒತ್ತಿದರು. ಆ ಮುಖವನ್ನು ನಾನು ಮರೆಯಲಾರೆ. ತಮ್ಮ ಮಾತು ಕೇಳುವ ಯಂತ್ರವೊಂದು ಮತ್ತೆ ಕೈಗೆ ಸಿಕ್ಕಿತ್ತು.

"ಎರಡು ಮೋಟಾರಿಂದ ಇರ್ಲಿ" ಎಂದರು. "ಬ್ಯಾಟರಿ ಬ್ಯಾಡ. ಬಾಜೂಕ ಅಂಬಿಕಾನಗರದಾಗ ಕರೆಂಟ್ ಹುಟ್ಟತೈತಿ, ನಮಗೇನು ಕಡಿಮಿ?"

ಸೀಟಿನ ಸರದಿ ಬಂತು. ಗಟ್ಟಿ ಫೋಮಿನದು, ಒಳಗೆ ಸ್ಪ್ರಿಂಗು ಇದ್ದದ್ದು, ಹತ್ತಿಯಂತೆ ಮೆತ್ತಗಿದ್ದದ್ದು, ಎಲ್ಲದರ ಮೇಲೂ ಕೂತು ನೋಡಿದರು. ಮೆತ್ತನೆಯದರಲ್ಲಿ ಹುದುಗಿ ಕಣ್ಣು ಮುಚ್ಚಿದರು.

"ಏಳೂದು ತ್ರಾಸ ಆಗೂದಿಲ್ಲೇನ್ರಿ?" ಎಂದು ಜೀಪಿನವನು ಕೇಳಿದ.

"ನೀ ಸುಮ್ನಿರು. ಜೀವಮಾನ ಪೂರಾ ಗಟ್ಟಿ ನೆಲದ ಮ್ಯಾಲೆ ನಿಂತೇನಿ. ಇನ್ನ ಮೆತ್ತಗ ಕೂಡ್ತೇನಿ."

ಕಡುಗೆಂಪು ಚರ್ಮವನ್ನೂ ಅವರೇ ಆರಿಸಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ಮಾತು. ನಾಲಿಗೆ ತೊಡರಿದರೂ ಬಿಡಲಿಲ್ಲ.

ಕುರ್ಚಿ ಮನೆಗೆ ಬಂದ ಮೇಲೆ ಕೆಲವು ವಾರ ಹಬ್ಬದಂತಿತ್ತು. ಹಳೆಯ ಜೊತೆಗಾರರು ಬಂದರೆ ಗುಂಡಿ ಒತ್ತಿ ತೋರಿಸುತ್ತಿದ್ದರು. ಆಮೇಲೆ ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಚಹಾ ಕೊಟ್ಟರೆ ಅರ್ಧ ಬಿಡುತ್ತಿದ್ದರು. ಬಾಯಿ ರುಚಿ ಕೆಟ್ಟಿರಬೇಕು ಅಂದುಕೊಂಡೆ. ಕಾರಣ ಗೊತ್ತಾದದ್ದು ತಡವಾಗಿ. ಸೀಟು ದಿನದಿನಕ್ಕೆ ತಗ್ಗಾಗಿ, ಸೊಂಟ ಕೆಳಗಿಳಿದು ಮೊಣಕಾಲು ಮೇಲಾಗಿ, ಎಡಗೈ ಒಂದರ ಬಲದಿಂದ ಏಳುವುದು ಅವರಿಗೆ ಆಗುತ್ತಿರಲಿಲ್ಲ. ಬಚ್ಚಲಿಗೆ ಹೋಗುವ ಪ್ರಸಂಗವೇ ಬರಬಾರದೆಂದು ನೀರು ಬಿಟ್ಟಿದ್ದರು. ಆರಿಸಿದ್ದು ತಾವೇ ಆದ್ದರಿಂದ ಬಾಯಿ ಬಿಟ್ಟು ಹೇಳಲಿಲ್ಲ.

ಮಳೆಗಾಲದ ಮೊದಲ ಗಾಳಿಗೆ ಒಂದು ಮಧ್ಯಾಹ್ನ ಎಲ್ಲೋ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಯಿತು. ನಾನು ಸಂತೆಗೆ ಹೋಗಿದ್ದೆ. ಬಂದು ನೋಡಿದರೆ ಕುರ್ಚಿ ಪೂರ್ತಿ ಹಿಂದಕ್ಕೆ ವಾಲಿತ್ತು. ಅವರು ಒಂದು ಮಗ್ಗುಲಿಗೆ ಹೊರಳಿ, ಕುರ್ಚಿಯ ತೋಳು ಹಿಡಿದು, ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡಿದ್ದರು. ಬಟ್ಟೆ ಒದ್ದೆಯಾಗಿತ್ತು. ಎಡಗೈಯ ಬೆರಳು ಇನ್ನೂ ಗುಂಡಿಯ ಮೇಲಿತ್ತು. ನಾನೊಬ್ಬಳೇ ಎಬ್ಬಿಸಲು ಆಗದೆ ಜೀಪಿನವನನ್ನು ಕೂಗಿದೆ. ಅವನು ಬಂದು, "ಏನೂ ಆಗಿಲ್ಲ ಬಿಡ್ರಿ ಅಣ್ಣಾರ" ಎನ್ನುತ್ತ ತೋಳು ಕೊಟ್ಟು ಎತ್ತಿದ. ಅವರು ಅವನ ಮುಖ ನೋಡಲಿಲ್ಲ.

ಮೈ ಒರೆಸಿ ಬಟ್ಟೆ ಬದಲಿಸುವಾಗ ಹೇಳಿದರು: "ನೀನ ಆರಸಬೇಕಾಗಿತ್ತು. ನನ್ನ ಯಾಕ ಕೇಳಿದಿ? ನಂದೇನು ತಲಿ ನೆಟ್ಟಗೈತಿ?"

"ಹಂಗ್ಯಾಕ ಅಂತೀರಿ? ಸೀಟು ಬದಲ ಮಾಡಿಸಿದರ ಆತು. ಎಲ್ಲಾರಿಗೂ ಹಿಂಗ ಆಗತೈತಿ."

ಅವರು ತಲೆಯಾಡಿಸಿ ಗೋಡೆಯ ಕಡೆ ತಿರುಗಿದರು.

ಜೀಪುಗಳಿಗೆ ಸೀಟು ಹೊಲಿಯುವವನೊಬ್ಬನನ್ನು ಪಕ್ಕದವನು ಕರೆತಂದ. ಅವನು ಗಟ್ಟಿ ಫೋಮಿನ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು, "ಒತ್ತಿ ನೋಡ್ರಿ ಸಾಹೇಬ್ರ, ಯಾವುದು ಹಾಕ್ಲಿ?" ಎಂದ. ಯಜಮಾನರು ಕೈ ಚಾಚಲಿಲ್ಲ. ಗದ್ದ ಎತ್ತಿ ನನ್ನ ಕಡೆ ತೋರಿಸಿ, "ಅಕಿನ್ನ ಕೇಳ್ರಿ" ಎಂದರು. ನಾನು ಎಷ್ಟು ಹೇಳಿದರೂ ಅವರು ಒಂದನ್ನೂ ಮುಟ್ಟಲಿಲ್ಲ. ಕಡೆಗೆ ನಾನೇ ಒಂದನ್ನು ಎತ್ತಿಕೊಟ್ಟೆ. ಹುಬ್ಬಳ್ಳಿಯಿಂದ ಬ್ಯಾಟರಿಯನ್ನೂ ತರಿಸಿ ಹಾಕಿಸಿದೆವು.

ಆಮೇಲೆ ಕುರ್ಚಿಯಿಂದ ಯಾವ ತೊಂದರೆಯೂ ಆಗಲಿಲ್ಲ. ತಾವೇ ಏಳುತ್ತಿದ್ದರು, ಕೂಡುತ್ತಿದ್ದರು. ನಿದ್ದೆ ಬರುತ್ತಿತ್ತು. ಅದರಲ್ಲೇ ಕೆಲವು ವರ್ಷ ಕಳೆದು, ಒಂದು ಬೆಳಿಗ್ಗೆ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಅಷ್ಟು ವರ್ಷಗಳಲ್ಲಿ ತಮಗೆ ಇದು ಬೇಕು, ಇದು ಬೇಡ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ರೊಟ್ಟಿಯೋ ಚಪಾತಿಯೋ ಎಂದರೆ, "ಏನರ ಮಾಡು." ದೀಪಾವಳಿಗೆ ಅಂಗಿ ಯಾವ ಬಣ್ಣದ್ದು ಎಂದರೆ, "ನೀ ನೋಡು."

ಮೈ ನೆಟ್ಟಗಿದ್ದಾಗ ಅವರು ಎಷ್ಟು ತಪ್ಪು ಸಾಮಾನು ತಂದಿರಲಿಲ್ಲ! ಸೋರುವ ಸ್ಟೋವು, ಕಾಲಿಗೆ ಹಿಡಿಯದ ಬೂಟು, ಬಾಗಿಲಿನೊಳಗೆ ಬಾರದ ಕಪಾಟು. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು, ಮರುವಾರ ಮತ್ತೇನೋ ಹೊತ್ತು ತರುತ್ತಿದ್ದರು. ಕಾಯಿಲೆಯಾದ ಮೇಲೆ ಮಾಡಿದ ಒಂದೇ ತಪ್ಪು ಮಾತ್ರ ಅವರ ಮನಸ್ಸಿನಲ್ಲಿ ತೀರ್ಪಾಗಿ ಕೂತುಬಿಟ್ಟಿತು. ಕುರ್ಚಿಯನ್ನು ಸರಿ ಮಾಡಿಸಿದೆವು. ಆ ತೀರ್ಪನ್ನು ಸರಿ ಮಾಡಲು ನನ್ನಿಂದ ಆಗಲಿಲ್ಲ.

ಕಡೆಯ ವರ್ಷ ಜೀಪಿನವನು, "ಜೋಯಿಡಾಕ್ಕ ಹೋಗೂಣು ಬರ್ರಿ ಅಣ್ಣಾರ, ಗಾಳಿ ಬದಲಾಗತೈತಿ" ಎಂದು ಒತ್ತಾಯ ಮಾಡಿದ. ಅವರು ನನ್ನ ಕಡೆ ನೋಡಿದರು. ನಾನು ಹೂಂ ಅಂದೆ, ಹೊರಟೆವು. ಅಲ್ಲಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಾಲೀಕನೇ ಬಂದು, "ಚಾ ಕೊಡ್ಲೋ, ಕಾಫಿ ಕೊಡ್ಲೋ?" ಎಂದು ನೇರವಾಗಿ ಅವರನ್ನೇ ಕೇಳಿದ. ನಾನು ಬೇಕೆಂದೇ ರಸ್ತೆಯ ಕಡೆ ಮುಖ ಮಾಡಿ ಕೂತೆ. ಮಾಲೀಕ ಕಾದ. ಜೀಪಿನವನೂ ಕಾದ. ಅವರು ಮೇಜಿನ ಮೇಲಿನ ನೀರಿನ ಲೋಟವನ್ನು ಅತ್ತಿತ್ತ ಸರಿಸುತ್ತ ಕೂತರು. ಕೊನೆಗೆ ನಾನೇ ತಿರುಗಿ ಕಾಫಿ ಎಂದೆ. ಬಂದ ಕಾಫಿಯನ್ನು ಒಂದು ಹನಿ ಉಳಿಸದೆ ಕುಡಿದರು. ಅವತ್ತು ಅವರಿಗೆ ಚಹಾ ಬೇಕಾಗಿತ್ತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ.